ಮೊದಲು ಜಾಗ, ಆಮೇಲೆ ಪ್ರೊಸೆಸರ್

ಭಾನುವಾರ ಬೆಳಗ್ಗೆ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತ್ರೀಡಿ ಮಾಮ ಮನೆಮಂದಿಯ ಮುಂದೆ ನಿಂತು ಘೋಷಣೆ ಮಾಡಿದರು.

"ಗುರುವಾರದೊಳಗೆ ಈ ಮನೆಗೆ ಹೊಸ ತಲೆಮಾರಿನ ಪ್ರೊಸೆಸರ್ ಬರುತ್ತೆ. ಆಮೇಲೆ ಇಲ್ಲಿ ಯಾರೂ ಯಾವುದಕ್ಕೂ ಕಾಯೋ ಪ್ರಶ್ನೆಯೇ ಇಲ್ಲ."

ಮನೆಮಂದಿ ಎಂದರೆ ಇಬ್ಬರೇ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ, ಮತ್ತು ನಲವತ್ತು ವರ್ಷ ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟು ಈಗ ಮಗಳ ಮನೆಯಲ್ಲಿ ತಮ್ಮ ಹೊಲಿಗೆ ಯಂತ್ರದೊಂದಿಗೆ ಇರುವ ಅತ್ತೆ. ಘೋಷಣೆಗೆ ಚಪ್ಪಾಳೆ ಬೀಳಲಿಲ್ಲ.

"ಕಪಾಟಿನ ಹಿಡಿಕೆಗೆ ಎರಡು ವರ್ಷದಿಂದ ಕಾಯ್ತಿದ್ದೀನಲ್ಲ, ಅದೂ ಗುರುವಾರವೇ ಬರುತ್ತಾ?" ಎಂದು ಹೆಂಡತಿ ಕೇಳಿದಳು.

ಹಿಡಿಕೆಯ ಮಾತು ಬಂದಾಗಲೆಲ್ಲ ಮಾಮನಿಗೆ ಕಿವಿ ಸ್ವಲ್ಪ ಮಂದವಾಗುತ್ತದೆ. ಅವರ ಕಸುಬೇ ಅಡುಗೆಮನೆಯ ಕಪಾಟುಗಳ ಚಿತ್ರ ಮಾಡುವುದು. ಬಡಗಿ ಮೇಸ್ತ್ರಿ ಜಾಗ ತೋರಿಸಿದರೆ ಸಾಕು, ತಾವೇ ಅಳತೆ ತೆಗೆದು, ಇನ್ನೂ ಕಟ್ಟದಿರುವ ಅಡುಗೆಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಕಿಟಕಿಯಿಂದ ಬಿಸಿಲು ಬೀಳಿಸಿ, ಮೇಜಿನ ಮೇಲೆ ಮೂರು ನಿಂಬೆಹಣ್ಣು ಇಟ್ಟು, ಗಿರಾಕಿ ಬಾಯಿ ಬಿಡುವಂಥ ಚಿತ್ರ ತೆಗೆದುಕೊಡುತ್ತಾರೆ. ಅದಕ್ಕೇ ಬೀದಿಯ ಮಕ್ಕಳು ಇಟ್ಟ ಹೆಸರು ತ್ರೀಡಿ ಮಾಮ. ಕಂಡವರ ಮನೆಯ ಕಪಾಟಿಗೆಲ್ಲ ಮುಟ್ಟಿದರೆ ತೆರೆಯುವ ಹಿಡಿಕೆ ಇಡಿಸಿದ ಈ ಮಹಾನುಭಾವರ ಸ್ವಂತ ಮನೆಯಲ್ಲಿ, ಹಜಾರದ ಮರದ ಕಪಾಟನ್ನು ಬೀಗದ ಕೈ ಹಿಡಿದು ಎಳೆದು ತೆಗೆಯಬೇಕು. ಹಾಗಾಗಿ ಆ ಬೀಗದ ಕೈ ಹಗಲೂ ರಾತ್ರಿ ಕಪಾಟಿನ ಬಾಯಲ್ಲೇ ಸಿಕ್ಕಿಕೊಂಡಿರುತ್ತದೆ.

ಆದರೆ ಈ ಸಲ ಮಾಮನಿಗೆ ಬಂದದ್ದು ನಿಜವಾದ ಕಷ್ಟ. ಒಂದು ದೊಡ್ಡ ವಿದ್ಯಾರ್ಥಿನಿಲಯದ ಅಡುಗೆಮನೆಗೆ ಎಂಟು ಚಿತ್ರ ಬೇಕಾಗಿತ್ತು. ಗುರುವಾರ ಸಂಜೆ ಐದಕ್ಕೆ ಮೇಸ್ತ್ರಿಯೇ ಮನೆಗೆ ಬಂದು ಒಯ್ಯುತ್ತಾರೆ. "ಸ್ವಾಮಿ, ತಪ್ಪಿದ್ರೆ ಈ ಕೆಲಸ ಬೇರೆಯವರಿಗೆ ಹೋಗುತ್ತೆ. ಆಮೇಲೆ ನಾನೂ ಬೇರೆಯವರ ಹತ್ರಾನೇ ಹೋಗಬೇಕಾಗುತ್ತೆ" ಎಂದು ಅವರು ಸ್ಪಷ್ಟವಾಗಿ ಹೇಳಿದ್ದರು. ಮಾಮನ ಕಂಪ್ಯೂಟರೋ, ಒಂದು ಚಿತ್ರ ತೆಗೆಯಲು ಮೂರು ಗಂಟೆ ತೆಗೆದುಕೊಳ್ಳುತ್ತಿತ್ತು. ಮೊದಲು ಹೀಗಿರಲಿಲ್ಲ. ವರ್ಷದಿಂದ ವರ್ಷಕ್ಕೆ ಅದರ ಉಬ್ಬಸ ಹೆಚ್ಚುತ್ತ ಬಂದು, ಈಗ ಚಿತ್ರ ಶುರುವಾದರೆ ಮಿಕ್ಸರ್ ಓಡಿಸಿದಂತೆ ಸದ್ದು, ನಡುನಡುವೆ ಮೂರ್ಛೆ.

"ವಯಸ್ಸಾಯ್ತು ಪಾಪ" ಎಂದು ಮಾಮ ತೀರ್ಮಾನ ಕೊಟ್ಟಿದ್ದರು.

ಸೋಮವಾರ ಬೆಳಗ್ಗೆ ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯವನನ್ನು ಗಿರಾಕಿಗಳು ಮುಂದಿನ್ತಿಂಗಳಪ್ಪ ಎಂದೇ ಕರೆಯುತ್ತಾರೆ. ಯಾರು ಏನು ಕೊಳ್ಳಲು ಬಂದರೂ "ಈಗ ಬೇಡ ಸಾರ್, ಮುಂದಿನ ತಿಂಗಳು ಇದಕ್ಕಿಂತ ಹೊಸದು ಬರುತ್ತೆ" ಎಂದು ಬುದ್ಧಿ ಹೇಳಿ ಕಳಿಸುವ ಪ್ರಪಂಚದ ಏಕೈಕ ವ್ಯಾಪಾರಿ ಅವನು. ಅವನ ಮಾತು ಕೇಳಿಯೇ ಮಾಮ ಮೂರು ತಲೆಮಾರಿನ ಪ್ರೊಸೆಸರುಗಳು ಹುಟ್ಟಿ ಹಳತಾಗುವುದನ್ನು ದೂರದಿಂದ ನೋಡಿದ್ದರು.

"ಈ ಸಲ ಗಟ್ಟಿ ಸಾರ್. ಬುಧವಾರ ಸಂಜೆ ಮಾಲು ಬರುತ್ತೆ" ಎಂದ. "ಆದ್ರೆ ನಿಮ್ಮ ಹಳೇ ಬೋರ್ಡ್ ಮೇಲೆ ಇದು ಕೂರಲ್ಲ. ಬೋರ್ಡೂ ಹೊಸದು ಬೇಕು."

"ಆಗಲಿ."

"ಹೊಸ ಬೋರ್ಡಿಗೆ ಹಳೇ ಮೆಮೊರಿ ಹೊಂದಲ್ಲ."

"ಅದೂ ಆಗಲಿ."

"ಇದು ಬಿಸಿ ಜಾಸ್ತಿ ಸಾರ್. ತಣ್ಣಗೆ ಮಾಡೋ ಫ್ಯಾನು ಇಷ್ಟೆತ್ತರ ಇರುತ್ತೆ. ನಿಮ್ಮ ಡಬ್ಬದೊಳಗೆ ಹಿಡಿಯಲ್ಲ. ದೊಡ್ಡ ಕ್ಯಾಬಿನೆಟ್ ಬೇಕು."

"ಎಷ್ಟು ದೊಡ್ಡದು? ಅಳತೆ ಹೇಳು" ಎಂದರು ಮಾಮ, ಜೇಬಿನಿಂದ ಟೇಪು ತೆಗೆಯುತ್ತ.

ಬಿಸ್ಕತ್ತಿನಷ್ಟು ಪುಟ್ಟ ಪ್ರೊಸೆಸರನ್ನು ಕೊಳ್ಳಲು ಹೋದವರು ಟೇಪು ಹಿಡಿದ ಆ ಕ್ಷಣವೇ ಮನೆಯ ಗ್ರಹಚಾರ ಕೆಟ್ಟಿತು. ಯಾಕೆಂದರೆ ಕಸುಬಿನಲ್ಲಿ ಮಾಮನದು ಒಂದೇ ಸೂತ್ರ: ಮೊದಲು ಜಾಗ, ಆಮೇಲೆ ಸಾಮಾನು. ಫ್ರಿಜ್ ತಂದು ನಡುಮನೆಯಲ್ಲಿ ನಿಲ್ಲಿಸಿಕೊಂಡು ಪರದಾಡಿದ ಎಷ್ಟೋ ಗಿರಾಕಿಗಳನ್ನು ಅವರು ಕಂಡಿದ್ದರು. ತಾವು ಅಂಥ ತಪ್ಪು ಮಾಡುವವರಲ್ಲ.

ದೊಡ್ಡ ಕ್ಯಾಬಿನೆಟ್ಟು ಮೇಜಿನ ಕೆಳಗೆ ಹಿಡಿಯುವುದಿಲ್ಲ, ಅಲ್ಲಿ ಡ್ರಾಯರ್ ಅಡ್ಡ ಬರುತ್ತದೆ ಎಂದು ಮನೆಗೆ ಬಂದ ಐದೇ ನಿಮಿಷದಲ್ಲಿ ಗೊತ್ತಾಯಿತು. ಡ್ರಾಯರನ್ನು ಗರಗಸದಲ್ಲಿ ಕೊಯ್ದು ತೆಗೆದರು. ತೆಗೆದ ಮೇಲೆ ತಿಳಿಯಿತು, ಮೇಜು ನಿಂತಿದ್ದದ್ದೇ ಆ ಡ್ರಾಯರಿನ ಬಲದಿಂದ. ಈಗ ಅದಕ್ಕೆ ಒರಗಲು ಗೋಡೆ ಬೇಕು. ಒರಗಲು ಯೋಗ್ಯವಾದ ಗೋಡೆಯಲ್ಲಿ ಮರದ ಕಪಾಟು ನಿಂತಿತ್ತು. ಕಪಾಟು ಅತ್ತೆ ಮಲಗುವ ಕೋಣೆಗೆ ಹೋಗಬೇಕು. ಕೋಣೆಯ ಬಾಗಿಲಿನ ಹಲಗೆ ಅಡ್ಡ. ಬುಧವಾರ ಸಂಜೆಯ ಹೊತ್ತಿಗೆ ಬಾಗಿಲನ್ನೂ ಕಳಚಿ ಹೊರಗೆ ನಿಲ್ಲಿಸಿದ್ದಾಯಿತು. ಹಜಾರದ ತುಂಬ ಮರದ ಹೊಟ್ಟು. ಕಂಪ್ಯೂಟರಿಗೆ ಧೂಳು ಬಡಿದೀತು ಎಂದು ಅದನ್ನೂ ಅತ್ತೆಯ ಅದೇ ಕೋಣೆಗೆ ಸಾಗಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಹೊಲಿಗೆ ಯಂತ್ರದ ಪಕ್ಕದಲ್ಲಿ ಇಟ್ಟರು. ಇಷ್ಟೆಲ್ಲ ಓಡಾಟದ ನಡುವೆ ಅದು ಉಬ್ಬಸ ಪಡುತ್ತಲೇ ಮೂರು ಚಿತ್ರ ಮುಗಿಸಿತ್ತು.

"ರೀ, ಪ್ರೊಸೆಸರ್ ಎಲ್ಲಿ?" ಎಂದು ಹೆಂಡತಿ ಕೇಳಿದಳು.

"ಬರುತ್ತೆ. ಮೊದಲು ಜಾಗ."

"ಅದು ಬಂದು ಕೂರೋ ಹೊತ್ತಿಗೆ ನಮಗೆ ಕೂರೋಕೆ ಜಾಗ ಇರುತ್ತಾ?"

ಮಾಮ ಮತ್ತೆ ಟೇಪು ಬಿಚ್ಚಿದರು. ಆ ಸಂಜೆ ಮಾಲು ಬರಲಿಲ್ಲ. ಗುರುವಾರ ಬೆಳಗ್ಗೆ ಮುಂದಿನ್ತಿಂಗಳಪ್ಪನೇ ಫೋನ್ ಮಾಡಿದ.

"ಸಾರ್, ಬೇಜಾರು ಮಾಡ್ಕೋಬೇಡಿ. ಮುಂದಿನ ತಿಂಗಳು ಗ್ಯಾರಂಟಿ. ಆಗ ಇದಕ್ಕಿಂತಲೂ ಒಂದು ತಲೆಮಾರು ಹೊಸದೇ ಸಿಗುತ್ತೆ."

ಮಾಮನಿಗೆ ನಿಂತ ನೆಲ ಜಾರಿತು. ಐದು ಚಿತ್ರ ಬಾಕಿ, ಒಂದೊಂದಕ್ಕೆ ಮೂರು ಗಂಟೆ, ಸಂಜೆ ಐದಕ್ಕೆ ಮೇಸ್ತ್ರಿ. ಆದರೆ ಗಂಡಸಿನ ಸ್ವಭಾವ ನೋಡಿ, ದೊಡ್ಡ ಕೆಲಸ ಕೈಕೊಟ್ಟಾಗ ಕೈಗೆ ಸಿಕ್ಕ ಕೆಲಸವನ್ನು ಬಲವಾಗಿ ಹಿಡಿದುಕೊಳ್ಳುತ್ತಾನೆ.

"ಕಪಾಟನ್ನಾದರೂ ಸಾಗಿಸಿಬಿಡೋಣ. ಮೇಸ್ತ್ರಿ ಬಂದಾಗ ಮನೆ ಮನೆ ಹಾಗಿರಲಿ" ಎಂದರು.

ಹೆಂಡತಿಗೆ ಅವತ್ತು ವಾರದ ರಜೆ. ಬಾಗಿಲಿಗೆ ಅರವತ್ತು ಸೆಂಟಿಮೀಟರ್, ಅಡ್ಡ ತಿರುಗಿಸಿದರೆ ಕಪಾಟಿಗೆ ಐವತ್ತೆಂಟು. "ಎರಡು ಸೆಂಟಿಮೀಟರ್ ಮಿಗುತ್ತೆ, ಅಳತೆಯಲ್ಲಿ ನಾನು ಇವತ್ತಿನವರೆಗೆ ತಪ್ಪಿಲ್ಲ" ಎಂದು ಮಾಮ ಟೇಪನ್ನು ಚಟ್ಟನೆ ಮುಚ್ಚಿದರು. ಗಂಡ ಹೆಂಡತಿ ಹಜಾರದಿಂದ ತಳ್ಳಿದರು. ಅತ್ತೆ ಕೋಣೆಯೊಳಗೆ ನಿಂತು, ಲಾರಿ ಹಿಂದಕ್ಕೆ ತರಿಸುವವರಂತೆ ಕೈ ಬೀಸುತ್ತ "ಬರಲಿ, ಬರಲಿ, ಇನ್ನೂ ಬರಲಿ" ಎಂದರು. ಕಪಾಟು ಬಂತು. ಅರ್ಧ ಬಂತು. ಆಮೇಲೆ ಕಟಕ್ ಎಂದು ಸದ್ದಾಗಿ ಚೌಕಟ್ಟಿನಲ್ಲಿ ನಿಂತೇ ಹೋಯಿತು.

ತಳ್ಳಿದರು, ಹೋಗಲಿಲ್ಲ. ಎಳೆದರು, ಬರಲಿಲ್ಲ. ಮಾಮ ಹೆಗಲು ಕೊಟ್ಟು, ಬೆನ್ನು ಕೊಟ್ಟು, ಕೊನೆಗೆ ನೆಲದ ಮೇಲೆ ಕೂತು ಎರಡೂ ಕಾಲು ಕೊಟ್ಟರು. ಕಪಾಟು ತಾನು ಆ ಬಾಗಿಲಲ್ಲೇ ಹುಟ್ಟಿ ಬೆಳೆದಂತೆ ನಿಂತಿತ್ತು.

"ಅಮ್ಮ, ಒಳಗೆ ಸಿಕ್ಕಿಹಾಕ್ಕೊಂಡ್ರಾ?" ಹೆಂಡತಿ ಕಪಾಟಿನ ತಲೆಯ ಮೇಲಿನ ಗೇಣುದ್ದದ ಸಂದಿಯಿಂದ ಕೂಗಿದಳು.

"ನಾನು ಆರಾಮಾಗಿದ್ದೀನಿ ಕಣೆ. ಬಚ್ಚಲುಮನೆ ಒಳಗೇ ಇದೆ, ಹೊಲಿಗೆ ಯಂತ್ರವೂ ಇದೆ. ನಿಮ್ಮ ಕಡೆ ಏನಿದೆ?"

ಅವರ ಕಡೆ ಏನೂ ಇರಲಿಲ್ಲ. ಕಂಪ್ಯೂಟರ್ ಒಳಗೆ, ಕಂಪ್ಯೂಟರಿನವರು ಹೊರಗೆ. ಹೆಂಡತಿ ಮೇಸ್ತ್ರಿಗೆ ಫೋನ್ ಮಾಡಲು ಹೋದಳು. ಮಾಮ ಅವಳ ಕೈ ಹಿಡಿದುಕೊಂಡರು.

"ಬೇಡ ಕಣೆ. ಹತ್ತು ವರ್ಷ ಆ ಮನುಷ್ಯ ನನ್ನ ಅಳತೆ ನಂಬಿ ಮರ ಕೊಯ್ದಿದ್ದಾನೆ. ನನ್ನ ಮನೆ ಬಾಗಿಲಲ್ಲೇ ಇದನ್ನ ನೋಡಿದ್ರೆ ಮುಗೀತು ನನ್ನ ಕಥೆ." ಹೆಂಡತಿ ಫೋನ್ ಕೆಳಗಿಟ್ಟಳು.

ಅಷ್ಟರಲ್ಲಿ ಒಳಗಿಂದ ಅತ್ತೆಯ ದನಿ. "ಅಳಿಯಂದ್ರೆ, ಈ ನಿಮ್ಮ ಡಬ್ಬ ಯಾಕೆ ಹೀಗೆ ಏದುಸಿರು ಬಿಡ್ತಿದೆ? ಮುಟ್ಟಿದ್ರೆ ಇಸ್ತ್ರಿಪೆಟ್ಟಿಗೆ ಹಾಗಿದೆ."

"ಅಯ್ಯೋ ಅತ್ತೆ, ಅದನ್ನ ಮುಟ್ಟಬೇಡಿ!"

"ಹೌದು, ಹಿಂದುಗಡೆ ಹಾಗೇ ಬರೆದಿದೆ. ದೊಡ್ಡ ಪ್ಲಾಸ್ಟಿಕ್ ಹಾಳೆ. 'ಎಚ್ಚರಿಕೆ. ಅರಿವಿಲ್ಲದವರು ಮುಟ್ಟಬಾರದು.' ಅದರ ಅಂಚಲ್ಲಿ ತೂತುತೂತು ಜಾಲರಿ ಕಾಣ್ತಿದೆ. ಹಾಳೆ ಜಾಲರಿ ಪೂರ್ತಿ ಮುಚ್ಚಿದೆಯಲ್ಲ, ಇದು ಉಸಿರಾಡೋದು ಎಲ್ಲಿಂದ?"

ಹೆಂಡತಿ ಗಂಡನ ಕಡೆ ತಿರುಗಿದಳು.

"ಕೆಳಗೆ ಸಹಿ ಯಾರದಿದೆ ಅಮ್ಮ?" ಹೆಂಡತಿ ಬಹಳ ಮೃದುವಾಗಿ ಕೇಳಿದಳು.

"ನಿನ್ನ ಗಂಡನದ್ದೇ. ತಾರೀಖೂ ಹಾಕಿದ್ದಾರೆ. ಮೂರು ವರ್ಷ ಆಯ್ತು."

ಮಾಮನಿಗೆ ಎಲ್ಲ ನೆನಪಾಯಿತು. ಮೂರು ವರ್ಷದ ಹಿಂದೆ ಹೆಂಡತಿ ಧೂಳು ಒರೆಸುವಾಗ ಹಿಂಬದಿಯ ವೈರು ಸಡಿಲವಾಗಿ ಒಂದು ಅಡುಗೆಮನೆ ಅಳಿಸಿಹೋಗಿತ್ತು. ಆ ಕೋಪದಲ್ಲಿ ಈ ಸೂಚನೆ ಮುದ್ರಿಸಿ, ಲ್ಯಾಮಿನೇಷನ್ ಮಾಡಿಸಿ, ಬಟ್ಟೆ ಹಿಡಿದ ಕೈ ಎಲ್ಲಿಗೆ ಮೊದಲು ಹೋಗುತ್ತದೋ ಅಲ್ಲೇ ಅಂಟಿಸಿದ್ದರು. ಅಂದಿನಿಂದ ಮನೆಯಲ್ಲಿ ಎಲ್ಲರೂ ಅವರ ಮಾತನ್ನು ಅಕ್ಷರಶಃ ಪಾಲಿಸಿದ್ದರು. ಪಾಲಿಸಿದ ಒಂದೇ ಒಂದು ಮಾತು ಅದು.

"ನನ್ನ ಹೊಲಿಗೆ ಯಂತ್ರಕ್ಕೂ ನೂಲಿನ ಹೊಟ್ಟು ತುಂಬಿದ್ರೆ ಇದೇ ರೋಗ. ಪ್ರತಿ ಭಾನುವಾರ ಬ್ರಷ್ ಹಾಕ್ತೀನಿ. ಹಾಕ್ಲಾ?"

ಮಾಮ ಕಪಾಟಿಗೆ ಹಣೆ ಒತ್ತಿಕೊಂಡು ನಿಂತರು. ಐದು ಗಂಟೆ ಕಣ್ಣ ಮುಂದೆ ಬಂತು. "ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಆಮೇಲೆ ಹಾಕಿ ಅತ್ತೆ" ಎಂದರು, ಸೋತ ದನಿಯಲ್ಲಿ. "ಎಣ್ಣೆ ಮಾತ್ರ ಬಿಡಬೇಡಿ."

"ಒಂದೇ ಒಂದು ಹನಿ?"

"ಬೇಡ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ."

ಅತ್ತೆ ಆ ಹಾಳೆ ಕಿತ್ತಿಟ್ಟು, ಡಬ್ಬದ ಪಕ್ಕದ ಹಲಗೆ ಬಿಚ್ಚಿದರು. ಒಳಗಿಂದ ಕೆಮ್ಮು ಕೇಳಿಸಿತು, ಆಮೇಲೆ ಉದ್ಗಾರ, ಆಮೇಲೆ ಬ್ರಷ್ಷಿನ ಸರಸರ. ಸ್ವಲ್ಪ ಹೊತ್ತಿಗೆ ಕಪಾಟಿನ ಕಾಲುಗಳ ನಡುವಿನ ಸಂದಿಯಿಂದ ಒಂದು ತಟ್ಟೆ ಹೊರಗೆ ಜಾರಿ ಬಂತು. ಅದರಲ್ಲಿ ಬೆಕ್ಕಿನ ಮರಿಯಷ್ಟು ದಪ್ಪದ ಧೂಳಿನ ಉಂಡೆ ಕೂತಿತ್ತು. ಹೆಂಡತಿ ಅದನ್ನು ಹೊರಳಿಸಿ ನೋಡಿದಳು.

"ನಿಮ್ಮ ಹಳೇ ತಲೆಮಾರು ಇದೇನಾ ರೀ?"

ಹನ್ನೆರಡು ಗಂಟೆಗೆ ಕಂಪ್ಯೂಟರ್ ಮತ್ತೆ ಎದ್ದಿತು. ಸದ್ದೇ ಇಲ್ಲ. ಮಾಮ ಸ್ಟೂಲಿನ ಮೇಲೆ ನಿಂತು, ಮೇಲಿನ ಸಂದಿಯಲ್ಲಿ ಮೂಗು ತೂರಿಸಿ, ಯಾವ ಗುಂಡಿ ಒತ್ತಬೇಕೆಂದು ಕೂಗಿದರು. ಅತ್ತೆ ಒತ್ತಿದರು. ಮೂರು ಗಂಟೆ ಹಿಡಿಯುತ್ತಿದ್ದ ಚಿತ್ರ ನಲವತ್ತು ನಿಮಿಷಕ್ಕೆ ಮುಗಿಯಿತು. ಮಾಮ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡು, ಸ್ಟೂಲಿನ ಮೇಲೆಯೇ ಎರಡು ಹೆಜ್ಜೆ ಕುಣಿದು, ಬೀಳುವುದರಲ್ಲಿದ್ದರು.

ಎರಡನೆಯದು, ಮೂರನೆಯದು, ನಾಲ್ಕನೆಯದು. ಐದನೆಯದಕ್ಕೆ ಅತ್ತೆಗೆ ಧೈರ್ಯ ಬಂದು ಸಲಹೆಯನ್ನೂ ಕೊಟ್ಟರು. "ಅಳಿಯಂದ್ರೆ, ಒಲೆ ಪಕ್ಕದಲ್ಲೇ ನಿಂಬೆಹಣ್ಣು ಇಟ್ಟರೆ ಬಾಡಲ್ವಾ? ಸ್ವಲ್ಪ ಆಚೆ ಇಡಿ."

ನಾಲ್ಕೂವರೆಗೆ ಎಂಟೂ ಚಿತ್ರ ತುಂಬಿದ ಪೆನ್‌ಡ್ರೈವ್ ಅದೇ ತಟ್ಟೆಯಲ್ಲಿ ಹೊರಗೆ ಬಂತು. ಐದಕ್ಕೆ ಸರಿಯಾಗಿ ಮೇಸ್ತ್ರಿ ಬಂದರು. ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡರು. ಕೊಯ್ದ ಡ್ರಾಯರ್ ನೋಡಿದರು, ಗೋಡೆಗೆ ಒರಗಿದ ಬಾಗಿಲು ನೋಡಿದರು, ಬಾಗಿಲಲ್ಲಿ ಬಾಗಿಲಿನಂತೆ ನಿಂತ ಕಪಾಟು ನೋಡಿದರು. ಮಾಮ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

"ಇದಕ್ಕೆ ಹಿಡಿಕೆ ಇಲ್ವಲ್ಲ ಸ್ವಾಮಿ, ಹೆಂಗೆ ತೆಗೀತೀರಿ?" ಎಂದು ಮೇಸ್ತ್ರಿ ಕೇಳಿದರು.

"ಬೀಗದ ಕೈ ಹಿಡಿದು ಎಳೀತೀವಿ. ಎರಡು ವರ್ಷದಿಂದ" ಎಂದಳು ಹೆಂಡತಿ.

"ಆ ಬೀಗದ ಕೈ ಈಗ ಎಲ್ಲಿದೆ?"

ಮಾಮ ಕ್ಯಾಲೆಂಡರಿನಿಂದ ಮುಖ ತಿರುಗಿಸಿದರು. ಕಪಾಟಿಗೆ ಐವತ್ತೆಂಟು. ಬೀಗದ ಕೈಗೆ ಮೂರು. ಒಟ್ಟು ಅರವತ್ತೊಂದು.

"ಅಮ್ಮಾ," ಮೇಸ್ತ್ರಿ ಒಳಕ್ಕೆ ಕೂಗಿದರು, "ಚೌಕಟ್ಟಲ್ಲಿ ಬಾಗಿಲು ಕೂರೋ ಕಚ್ಚಿನಲ್ಲಿ ಬೀಗದ ಕೈ ಸಿಕ್ಕಿಕೊಂಡಿರುತ್ತೆ, ಕಿತ್ತುಬಿಡಿ."

ಅತ್ತೆ ನೂಲು ಕೀಳುವ ಚಿಮುಟದಿಂದ ಅದನ್ನು ಹಿಡಿದೆಳೆದರು. ಮೇಸ್ತ್ರಿ ಒಂದು ಕೈಯಲ್ಲಿ ತಳ್ಳಿದರು. ಕಪಾಟು ಸುಮ್ಮನೆ ಒಳಗೆ ನಡೆದುಹೋಯಿತು. ಅತ್ತೆ ಸೆರಗು ಕೊಡವಿಕೊಂಡು ಹೊರಗೆ ಬಂದರು.

"ಚಿತ್ರ ಚೆನ್ನಾಗಿರುತ್ತೆ ಬಿಡಿ, ಮುಂದಿನ ಕೆಲಸವೂ ನಿಮಗೇ" ಎಂದರು ಮೇಸ್ತ್ರಿ, ನಗು ತಡೆಯಲಾರದೆ. "ಅಳತೆ ಮಾತ್ರ ಇನ್ಮೇಲೆ ನಾನೂ ಒಂದು ಸಲ ಹಾಕ್ಕೋತೀನಿ."

ಒಂದು ತಿಂಗಳಾಯಿತು. ಕಂಪ್ಯೂಟರ್ ಹೊಸ ಮದುಮಗನಂತೆ ಚುರುಕಾಗಿ ಓಡುತ್ತಿತ್ತು. ಕಪಾಟಿಗೆ ಹಿಡಿಕೆಯೂ ಬಂದಿತ್ತು. ಒಂದು ಬೆಳಗ್ಗೆ ಮುಂದಿನ್ತಿಂಗಳಪ್ಪ ಫೋನ್ ಮಾಡಿದ. "ಬಂತು ಸಾರ್, ಹೊಚ್ಚ ಹೊಸ ತಲೆಮಾರು. ನಿಮಗೇ ಅಂತ ಒಂದು ಎತ್ತಿಟ್ಟಿದ್ದೀನಿ."

ಮಾಮ ಸುತ್ತ ನೋಡಿದರು. ಹೆಂಡತಿ ಅಂಗಡಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು. ಅತ್ತೆಯ ಯಂತ್ರ ಒಳಗೆ ಓಡುತ್ತಿತ್ತು. ಸುಮ್ಮನೆ ಒಳಗಿನ ಬೋರ್ಡಿನ ಅಳತೆ ನೋಡುವುದರಲ್ಲಿ ತಪ್ಪೇನಿದೆ? ಅತ್ತೆಯ ಬೆನ್ನ ಹಿಂದೆ ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ಕಪಾಟಿನ ಮೇಲಿದ್ದ ಟೇಪು, ಸ್ಕ್ರೂಡ್ರೈವರುಗಳ ಡಬ್ಬ ಕೆಳಗಿಳಿಸಿದರು.

ಮುಚ್ಚಳದ ಮೇಲೆ, ನಾಲ್ಕೂ ಮೂಲೆಗೆ ಬಿಗಿಯಾಗಿ ಅಂಟುಪಟ್ಟಿ ಹಾಕಿ, ಕಂಪ್ಯೂಟರಿನ ಹಿಂದಿದ್ದ ಅದೇ ಲ್ಯಾಮಿನೇಷನ್ ಹಾಳೆಯನ್ನು ಯಾರೋ ಅಂಟಿಸಿದ್ದರು. 'ಎಚ್ಚರಿಕೆ. ಅರಿವಿಲ್ಲದವರು ಮುಟ್ಟಬಾರದು.' ಕೆಳಗೆ ಅವರದೇ ಸಹಿ.