ಹಗ್ಗದ ಆ ತುದಿ

ನಮ್ಮ ಸೋದರತ್ತೆಯ ಮನೆಗೆ ಯಾರೇ ಹೋಗಲಿ, ಕಾಫಿಗಿಂತ ಮುಂಚೆ ಕೈಗೆ ಹಗ್ಗ ಬರುತ್ತದೆ! ಗಾಬರಿಯಾಗಬೇಡಿ, ಕಟ್ಟಿಹಾಕುವುದಕ್ಕಲ್ಲ. ಒಂದು ತುದಿಯನ್ನು ನಾವು ಬಿಗಿಯಾಗಿ ಹಿಡಿದು ನಿಲ್ಲಬೇಕು, ಇನ್ನೊಂದು ತುದಿಯನ್ನು ಅವರು ಅಲ್ಲಾಡಿಸುತ್ತಾರೆ. ಹಗ್ಗದಲ್ಲಿ ಅಲೆ ಓಡುತ್ತದೆ. ಅದೇ ಅವರ ಓದು.

ಹೊಸದುರ್ಗದ ಕಡೆಯ ಹಳ್ಳಿ, ಕುರಿಮಂದೆಯ ಮನೆ. ಅತ್ತೆ ಹುಡುಗಿಯಾಗಿದ್ದಾಗ ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಡುಮ್ಕಿ ಹೊಡೆದರು, ಮದುವೆಯಾದರು, ಮೊಮ್ಮಗುವನ್ನೂ ಕಂಡರು. ಇಷ್ಟಾದ ಮೇಲೆ ಹಳೆಯ ಪರೀಕ್ಷೆಯ ತಂಟೆಗೆ ಯಾರಾದರೂ ಹೋಗುತ್ತಾರೆಯೇ? ಅತ್ತೆ ಹೋದರು. ಮುಕ್ತ ಶಾಲೆಯಿಂದ ಮತ್ತೆ ಪರೀಕ್ಷೆ ಕಟ್ಟಿದರು. ಸಿರಿಗೆರೆಯಲ್ಲಿ ವಿಜ್ಞಾನ ಓದಿದವಳೆಂಬ ಒಂದೇ ತಪ್ಪಿಗೆ ನಾನು ಅವರ ಮೇಷ್ಟರಾದೆ. ಈ ವಯಸ್ಸಿನಲ್ಲಿ ಯಾಕತ್ತೆ ಎಂದು ಕೇಳಿದೆ.

"ಫೇಲು ಅನ್ನೋದನ್ನ ಹೊತ್ಕಂಡು ಸಾಯಾಕೆ ನಂಗಿಷ್ಟ ಇಲ್ಲ ಕಣೆ" ಎಂದರು.

ಅಲೆಯ ಪಾಠ ಬರುವವರೆಗೂ ಬಂಡಿ ಸಲೀಸಾಗಿ ಓಡಿತು. ವೇಗ, ತರಂಗದೂರ, ಆವೃತ್ತಿ, ಅವಧಿ, ನಾಲ್ಕೂ ತಲೆಯಲ್ಲಿ ಕಲಸಿಹೋದವು. ಒಂದು ಸಂಜೆ ಕುರಿಗಳು ಸಾಲಾಗಿ ರೊಪ್ಪದೊಳಗೆ ನುಗ್ಗುವಾಗ ಅತ್ತೆಗೆ ಜ್ಞಾನೋದಯವಾಯಿತು. ಒಂದು ಕುರಿಗೂ ಅದರ ಹಿಂದಿನದಕ್ಕೂ ಇರುವ ಅಂತರ ತರಂಗದೂರ. ಸೆಕೆಂಡಿಗೆ ಎಷ್ಟು ಕುರಿ ಬಾಗಿಲು ದಾಟುತ್ತವೋ ಅದು ಆವೃತ್ತಿ. ಒಂದು ದಾಟಿ ಮುಂದಿನದು ದಾಟುವವರೆಗಿನ ಹೊತ್ತು ಅವಧಿ. ಅಂತರವನ್ನು ಆವೃತ್ತಿಯಿಂದ ಗುಣಿಸಿದರೆ ಮಂದೆಯ ವೇಗ! ನಾನು ಬೆರಗಾದೆ. ಆದರೂ ಮೇಷ್ಟರಲ್ಲವೇ, ಆವೃತ್ತಿ ಹೆಚ್ಚಾಗಬೇಕಾದರೆ ಏನು ಮಾಡಬೇಕು ಎಂದು ಕೇಳಿದೆ. ಕೋಲು ಬೀಸಿದರೆ ಬೇಗ ಓಡುತ್ತವೆ ಎಂದರು. ಅಲ್ಲಿಗೆ ಕೆಟ್ಟಿತು. ಅಲೆ ಕುರಿಯಲ್ಲವಲ್ಲ! ಹಗ್ಗದ ಬಿಗಿ ಅಷ್ಟೇ ಇದ್ದರೆ, ಎಷ್ಟು ಬೇಗ ಅಲ್ಲಾಡಿಸಿದರೂ ಅಲೆಯ ವೇಗ ಬದಲಾಗದು. ಅಲೆಗಳು ಗಿಡ್ಡವಾಗಿ ಒತ್ತೊತ್ತಾಗಿ ಬರುತ್ತವೆ, ಅಷ್ಟೇ.

ಅತ್ತೆ ನಂಬಲಿಲ್ಲ. ಬಾವಿಯ ಹಗ್ಗ ಅವತ್ತೇ ಪಡಸಾಲೆಗೆ ಬಂತು. ಹಾಲಿನವರು ಹಿಡಿದರು, ನೆರೆಯವರು ಹಿಡಿದರು. ಇಸ್ತ್ರಿ ಪಂಚೆಯ ಬೀಗರೂ ಹಿಡಿದು, ಹೆಣ್ಣು ಕೊಟ್ಟ ತಪ್ಪಿಗೆ ಹಗ್ಗ ಹಿಡಿಯಬೇಕಾಯಿತಲ್ಲ ಎಂದು ಗೊಣಗಿದರು. ಆದರೆ ಎಲ್ಲರ ಕೈಯೂ ಸ್ವಲ್ಪ ಹೊತ್ತಿಗೆ ಸೋಲುತ್ತಿತ್ತು. ಹಗ್ಗ ಸಡಿಲವಾದರೆ ವೇಗವೇ ಬದಲಾಗಿ ಲೆಕ್ಕ ಕೆಡುತ್ತಿತ್ತು. ಕೊನೆಗೆ ಉಳಿದವರು ಶಾಲೆಯ ಮೆಟ್ಟಿಲು ಹತ್ತದ ನಮ್ಮ ಮಾವ. ದಿನವೂ ಕುರಿಗಳನ್ನು ರೊಪ್ಪಕ್ಕೆ ಕೂಡಿ ಬಂದು, ಯಾಕೆ ಏನು ಎಂದು ಕೇಳದೆ, ಅತ್ತೆ ಸಾಕು ಎನ್ನುವವರೆಗೂ ಒಂದೇ ಬಿಗಿಯಲ್ಲಿ ಹಿಡಿದು ನಿಲ್ಲುತ್ತಿದ್ದರು.

ಪರೀಕ್ಷೆಯ ದಿನ ಅತ್ತೆಯನ್ನು ಬಸ್ಸಿನಲ್ಲಿ ಹೊಸದುರ್ಗಕ್ಕೆ ಕರೆದುಕೊಂಡು ಹೋಗಿ ಒಳಗೆ ಬಿಟ್ಟೆ. ಹೊರಗೆ ಬಂದು ನೋಡಿದರೆ ಗೇಟಿನ ಹತ್ತಿರ ಮಾವ! ಸ್ವಂತ ಮಗಳ ಮದುವೆಯಲ್ಲೇ ಧಾರೆ ಎರೆದು ಮಂದೆಯ ಕಡೆ ಓಡಿದ್ದ ಮನುಷ್ಯ, ಹೆಗಲ ಮೇಲೆ ಹಗ್ಗ ಸುತ್ತಿಕೊಂಡು ನಿಂತಿದ್ದಾರೆ. ಪೊಲೀಸಿನವರು ಅನುಮಾನದಿಂದ ನೋಡುತ್ತಿದ್ದಾರೆ. ಹಗ್ಗ ಯಾಕೆ ಮಾವ ಎಂದೆ.

"ಮರ್ತೋದ್ರೆ ಹೊರಗೆ ಬಂದು ಒಂದ್ಸಲ ಅಲ್ಲಾಡಿಸ್ಕಂಡು ಹೋಗ್ಲಿ ಅಂತ" ಎಂದರು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಬೆಲ್ ಆಯಿತು, ಅತ್ತೆ ಬಂದರು. ಪ್ರಶ್ನೆಪತ್ರಿಕೆಯಲ್ಲಿ, ಹಗ್ಗದ ಬಿಗಿ ಬದಲಾಗದೆ ಆವೃತ್ತಿ ಎರಡು ಪಟ್ಟಾದರೆ ವೇಗ, ತರಂಗದೂರ ಏನಾಗುತ್ತವೆ ಎಂದು ಕೇಳಿದ್ದರಂತೆ. ಕುರಿ ಓಡಿಸಿಬಿಟ್ಟರೋ ಏನೋ ಎಂದು ನಾನು ಅವರ ಮುಖವನ್ನೇ ನೋಡಿದೆ. ಅತ್ತೆ ನನ್ನ ಕಡೆ ನೋಡಲೇ ಇಲ್ಲ. ಮಾವನಿಗೆ ಹೇಳಿದರು:

"ಕಣ್ಣು ಮುಚ್ಕಂಡೆ. ನೀವು ಆ ಕಡೆ ಹಿಡ್ಕಂಡು ನಿಂತಿದ್ರಿ. ವೇಗ ಅಷ್ಟೇ, ಅಲೆ ಅರ್ಧ ಅಂತ ಬರ್ದೆ."

ಮಾವ ತಲೆಯಾಡಿಸಿದರು. ಆಮೇಲೆ ಹಗ್ಗವನ್ನು ನೋಡಿಕೊಳ್ಳುತ್ತ, "ಹಂಗಾರೆ ಇನ್ಮೇಲೆ ಇದು ಬ್ಯಾಡೇನು?" ಎಂದು ಕೇಳಿದರು. ದನಿ ಸಣ್ಣದಾಗಿತ್ತು.

"ಯಾಕ್ ಬ್ಯಾಡ?" ಎಂದರು ಅತ್ತೆ. "ಸಂಜೀಕೆ ಹಿಡ್ಕಳ್ರಿ."