ಶಿಯಾನ್ ಮೆಶಾನ್, ರಾಮಕೃಷ್ಣನಗರ

ಹಳೇ ಸಾಮಾನು ಕೊಳ್ಳುವುದರಲ್ಲಿ ನನ್ನ ಕಣ್ಣು ಮೋಸ ಹೋಗುವುದಿಲ್ಲ. ಇದನ್ನು ನಾನು ಇವತ್ತಿಗೂ ಹೇಳುತ್ತೇನೆ.

ರಾಮಕೃಷ್ಣನಗರದಲ್ಲಿ ನಮ್ಮ ಹೊಸ ಮನೆ ಮುಗಿಯುತ್ತಾ ಬಂದಾಗ ನಾನೂ ನಮ್ಮವರೂ ಪುದುಚೇರಿಗೆ ಹೋಗಿದ್ದೆವು. ಅಲ್ಲಿನ ಹಳದಿ ಬಂಗಲೆಗಳ ಬೀದಿಯಲ್ಲಿ ಈಗಲೂ ಕೆಲವು ಮುದುಕರು ಫ್ರೆಂಚಿನಲ್ಲೇ ಹರಟೆ ಹೊಡೆಯುತ್ತಾರೆ. ಆ ಬೀದಿಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ, ಒಡೆದ ದೀಪಗಳ ನಡುವೆ, ಆ ಫಲಕ ನನಗಾಗಿಯೇ ಕಾದಿತ್ತು. ಹೊಳೆಯುವ ನೀಲಿಯ ಮೇಲೆ ಬಿಳಿ ಫ್ರೆಂಚ್ ಅಕ್ಷರ.

"ಯಾವ್ದೋ ದೊರೆ ಬಂಗಲೆಯ ಗೇಟಿನದು," ಎಂದು ಅಂಗಡಿಯವನು ಮುರುಕು ಇಂಗ್ಲಿಷಿನಲ್ಲಿ ಹೇಳಿದ. "ಶಿಯಾನ್ ಮೆಶಾನ್ ಅಂತ ಓದ್ಬೇಕು. ಅರ್ಥ ನನಗೂ ಗೊತ್ತಿಲ್ಲ."

ಗೇಟಿನ ಮೇಲೆ ಮನೆಯ ಹೆಸರಲ್ಲದೆ ಮತ್ತೇನಿರುತ್ತದೆ?

"ನಮ್ಮನೆಗೂ ಇದೇ ಹೆಸರು," ಎಂದೆ.

"ಅಮ್ಮ ಲಕ್ಷ್ಮೀನಿಲಯ ಅಂತಿಡಿ ಅಂದಿದ್ರಲ್ಲೇ," ಎಂದರು ನಮ್ಮವರು. "ಅರ್ಥನಾದ್ರೂ ಯಾರನ್ನಾದ್ರೂ ಕೇಳೋಣ ಕಣೇ."

"ಮೈಸೂರಲ್ಲಿ ಬೀದಿಗೊಂದು ಲಕ್ಷ್ಮೀನಿಲಯ ಇದೆ ಕಣ್ರೀ. ಶಿಯಾನ್ ಮೆಶಾನ್ ಎಲ್ಲಿದೆ ತೋರ್ಸಿ?"

ಫಲಕ ಗೇಟಿಗೇರಿತು. ಗೃಹಪ್ರವೇಶದ ಕಾರ್ಡಿನಲ್ಲೂ ಅದೇ ಹೆಸರು ಅಚ್ಚಾಯಿತು. ಅತ್ತೆ ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು ಕೇಳಿದರು: "ಇದೇನಮ್ಮ, ಮನೆಗೆ ಮಸಾಣ ಅಂತ ಹೆಸರಿಟ್ಟಿದ್ದೀಯ?"

"ಮಸಾಣ ಅಲ್ಲ ಅತ್ತೆ, ಮೆಶಾನ್. ಮೂಗಿನಿಂದ ಹೇಳ್ಬೇಕು."

ಅತ್ತೆ ಮೂಗು ಮುರಿದರು. ಹೇಳಲಿಲ್ಲ.

ಗೃಹಪ್ರವೇಶದ ದಿನ ನಮ್ಮವರ ಸಹೋದ್ಯೋಗಿಯ ಹೆಂಡತಿ ಬಂದರು. ಕಾಲೇಜಿನಲ್ಲಿ ಫ್ರೆಂಚ್ ಪಾಠ ಮಾಡುವವರು. ಹಣ್ಣಿನ ತಟ್ಟೆ ಹಿಡಿದು ಗೇಟಿನ ಹೊರಗೇ ನಿಂತುಬಿಟ್ಟರು.

"ಒಳಗ್ ಬನ್ನಿ ಮೇಡಂ," ಎಂದು ಕರೆದೆ.

"ಮೊದ್ಲು ನಾಯಿ ಕಟ್ಟಾಕಿ."

"ನಾಯಿ ಎಲ್ಲಿದೆ? ನಾವು ಸಾಕೇ ಇಲ್ಲ."

"ಮತ್ತೆ ‘ಕಚ್ಚುವ ನಾಯಿ’ ಅಂತ ಬೋರ್ಡ್ ಹಾಕಿದ್ದೀರಲ್ಲ?"

ಅಂದರೆ ನಾನು ಊರಿಗೆಲ್ಲ ಹಂಚಿದ್ದ ಕಾರ್ಡಿನ ಒಕ್ಕಣೆ ಹೀಗಾಯಿತು: ನಮ್ಮ ನೂತನ ಗೃಹ ‘ಕಚ್ಚುವ ನಾಯಿ’ಯ ಪ್ರವೇಶಕ್ಕೆ ತಾವು ಸಕುಟುಂಬ ಸಮೇತರಾಗಿ ಆಗಮಿಸಬೇಕು.

ಸುದ್ದಿ ಚಪ್ಪರ ದಾಟಿ ಅಡುಗೆಯವರನ್ನು ಮುಟ್ಟಿತು. ಒಳಗಿನಿಂದ ನಗು ಕೇಳಿಸಿತು. ಪುರೋಹಿತರು ಮಂತ್ರದ ನಡುವೆ ಎರಡು ಸಲ ಕೆಮ್ಮಿದರು. ನಮ್ಮವರು ಸ್ಕ್ರೂಡ್ರೈವರ್ ಹಿಡಿದು ಹೊರಗೆ ಬಂದರು.

ನಾನು ಗೇಟಿಗೆ ಅಡ್ಡ ನಿಂತೆ. "ಯಾರಾದ್ರೂ ಮುಟ್ಟಿದ್ರೆ ನೋಡಿ! ಗೊತ್ತಿದ್ದೇ ಹಾಕಿರೋದು. ಕಳ್ಳರ ಕಾಟ."

ಯಾರೂ ನಂಬಲಿಲ್ಲ. ನಾನೂ ಅಲ್ಲಾಡಲಿಲ್ಲ. ಕೊನೆಗೆ ಅತ್ತೆಯೇ ಬಂದು ಮಗನ ಕೈ ಹಿಡಿದರು.

"ಇರ್ಲಿ ಬುಡೋ. ಬರ್ದಿರೋದ್ರಲ್ಲಿ ಸುಳ್ಳೇನಿದೆ?"

ಫಲಕ ಈಗಲೂ ಅಲ್ಲೇ ಇದೆ. ನಾಯಿ ಮಾತ್ರ ಸಾಕಿಲ್ಲ. ಅಗತ್ಯವಿಲ್ಲ ಎಂಬುದು ಮನೆಯವರ ಒಮ್ಮತದ ಅಭಿಪ್ರಾಯ.