ನನ್ನ ಕಸುಬಿಗೆ ಕೈಹಾಕಿದ ಕರಿಬಂಡೆಯವರಿಗೆ

ನಮ್ಮ ಬೀದಿಯ ಹಿಂದಿನ ಗುಡ್ಡದೊಳಗೆ ಕೋಟ್ಯಂತರ ವರ್ಷ ಬಾಯಿ ಮುಚ್ಚಿಕೊಂಡು ಮಲಗಿದ್ದು, ರಸ್ತೆ ಅಗಲ ಮಾಡುವವರು ಸಿಡಿಮದ್ದಿಟ್ಟು ಎಬ್ಬಿಸಿದ ಮೇಲೆ ಬಾಯಿ ಬಿಟ್ಟಿರುವ ಕರಿಯ ಪದರಗಲ್ಲು ಮಾನ್ಯರೇ,

ಗುಡ್ಡದ ಬುಡದ ಕ್ಷೌರದಂಗಡಿಯವನಾದ ನಾನು ಹೆಗಲ ಮೇಲಿನ ಟವೆಲ್ ಇಳಿಸಿ, ಬಗ್ಗಿ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಊರಿನಲ್ಲಿ ತಲೆಗೂದಲು ತೆಗೆಯುವ ಕೆಲಸ ನಮ್ಮಜ್ಜನ ಕಾಲದಿಂದಲೂ ನಮ್ಮದು. ತಾವು ಕತ್ತರಿಯಿಲ್ಲದೆ, ಕುರ್ಚಿಯಿಲ್ಲದೆ, ಹಿಂದಿನಿಂದ ಕನ್ನಡಿಯನ್ನೂ ತೋರಿಸದೆ, ಅದೇ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುತ್ತಿದ್ದೀರಿ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಕೇಳಿದ್ದೆ. ಹತ್ತಿರದ ಬೆಟ್ಟ ತಲೆಯನ್ನೇ ನುಣ್ಣಗೆ ಮಾಡುತ್ತದೆಂದು ಯಾರೂ ಹೇಳಿರಲಿಲ್ಲ.

ತಮ್ಮ ಕೈಚಳಕವನ್ನು ಮೆಚ್ಚದಿರಲಾರೆ. ಗಾಳಿ, ಮಳೆ ಸೋಕಿದ್ದೇ ತಡ, ತಮ್ಮೊಳಗಿನ ಗಂಧಕ ಆಮ್ಲವಾಗಿ, ಅದರಲ್ಲಿ ಸೆಲೆನಿಯಮ್, ಆರ್ಸೆನಿಕ್ ಮುಂತಾದ ತಮ್ಮ ನೆಂಟರಿಷ್ಟರೆಲ್ಲ ಕರಗಿ ನಮ್ಮ ಬಾವಿಗೆ ಇಳಿದರು. ಬಣ್ಣವಿಲ್ಲ, ವಾಸನೆಯಿಲ್ಲ, ಇಷ್ಟು ಸಭ್ಯ ವಿಷವನ್ನು ನಾನು ಕಂಡಿಲ್ಲ. ನೀರು ಪರೀಕ್ಷಿಸಿದವರು "ಲೋಹದ ಅಂಶ ಇದೆ" ಎಂದಷ್ಟೇ ಹೇಳಿಹೋದಾಗ ನಮ್ಮಮ್ಮ, "ಲೋಹ ಅಂದ್ರೆ ಕಬ್ಬಿಣ ತಾನೇ? ರಕ್ತ ಆಗುತ್ತೆ ಕಣೋ, ಮಗೂಗೆ ಇನ್ನೊಂದು ಲೋಟ ಕೊಡು" ಎಂದು ಕುಡಿಸಿದ್ದೇ ಕುಡಿಸಿದ್ದು.

ಆ ಮಗು ನನ್ನ ಮಗಳು. ಊರಿನ ತಲೆಗಳಿಗೆಲ್ಲ ಕತ್ತರಿಯಾಡಿಸಿದ ನಾನು ಅವಳ ಜಡೆಯ ತುದಿಯನ್ನೂ ಕತ್ತರಿಸಿದವನಲ್ಲ. ಈಗ ಬಾಚಣಿಗೆ ಇಟ್ಟರೆ ಸಾಕು, ಕೂದಲು ಹಿಡಿಹಿಡಿಯಾಗಿ ಬರುತ್ತದೆ, ಉಗುರುಗಳೂ ಬಿರಿದಿವೆ. ಮೊನ್ನೆ ನಾನು ಅಂಗಡಿ ಗುಡಿಸುವಾಗ, "ಅಪ್ಪಾ, ಅಷ್ಟೊಂದು ಕೂದ್ಲು ಎಸೀತೀಯಲ್ಲ, ಸ್ವಲ್ಪ ನಂಗೆ ಅಂಟಿಸು" ಎಂದಳು. ಪೊರಕೆ ಬಿಟ್ಟು ಅವಳ ಪಕ್ಕ ಕೂತೆ ಮಾನ್ಯರೇ. ಸುಳ್ಳೇಕೆ ಹೇಳಲಿ, ಅತ್ತುಬಿಟ್ಟೆ.

ಆದಕಾರಣ ತಾವು ದಯಮಾಡಿ ಮೊದಲಿನಂತೆ ಪದರಗಳನ್ನು ಮಡಚಿಕೊಂಡು, ಗುಡ್ಡ ಹೊದ್ದು ಮಲಗಬೇಕಾಗಿ ವಿನಂತಿ. ಅದಾಗದಿದ್ದರೆ ಅಂಗಡಿಗೆ ಬನ್ನಿ, ಪಾಲುದಾರರಾಗೋಣ. ಗಡ್ಡದವರು ನನಗಿರಲಿ, ತಲೆಯವರು ತಮಗಿರಲಿ, ಮಕ್ಕಳನ್ನು ಮಾತ್ರ ಮುಟ್ಟಬೇಡಿ. ತಮ್ಮನ್ನೇ ಬೈಯುವುದೂ ನ್ಯಾಯವಲ್ಲ ಬಿಡಿ. ಮಲಗಿದ್ದವರನ್ನು ಎಬ್ಬಿಸಿ, "ನೀರು ಕನ್ನಡಿ ಥರ ಇದೆ, ಸುಮ್ನೆ ಕುಡೀರಿ" ಎಂದು ಬೀದಿಗೆಲ್ಲ ಬುದ್ಧಿ ಹೇಳಿದ ರಸ್ತೆಯ ಇಂಜಿನಿಯರ್ ಸಾಹೇಬರು ಬೇರೆಯೇ ಇದ್ದಾರೆ.

ಅರ್ಧ ಗಿರಾಕಿಗಳನ್ನು ತಮಗೆ ಒಪ್ಪಿಸಿ ಕೂತಿರುವ,
ತಮ್ಮ ವಿಶ್ವಾಸಿ,
ಕ್ಷೌರದಂಗಡಿಯವನು

ತಾ.ಕ.: ಆ ಸಾಹೇಬರು ನಿನ್ನೆ ಕ್ಷೌರಕ್ಕೆ ಬಂದಿದ್ದರು. ತಲೆತುಂಬ ಕೂದಲು, ಅದೆಂದರೆ ಅವರಿಗೆ ಪ್ರಾಣ. ಎಡಗಡೆ ಮುಗಿಸಿ ಬಲಗಡೆಗೆ ನೀರು ಚಿಮುಕಿಸುವಾಗ ಏನೋ ನೆನಪಾಗಿ, "ಯಾವ ನೀರಯ್ಯಾ ಇದು?" ಎಂದರು. "ತಾವು ಕುಡೀರಿ ಅಂದ್ರಲ್ಲ, ಅದೇ ಸ್ವಾಮಿ" ಎಂದೆ. ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಎದ್ದು ಓಡಿದರು. ಊರಿನಲ್ಲಿರುವುದು ನನ್ನದೊಂದೇ ಅಂಗಡಿ. ಬೀದಿಗೆ ಬೇರೆ ನೀರಿನ ಕೊಳಾಯಿ ಬಂದ ದಿನ ಬಲಗಡೆಯನ್ನೂ ಮುಗಿಸಿಕೊಡುತ್ತೇನೆಂದು ಹೇಳಿಕಳಿಸಿದೆ. ಇಂದು ಬೆಳಿಗ್ಗೆ ಪೈಪಿನ ಲಾರಿ ಬಂದು ನಿಂತಿದೆ. ಪಕ್ಕದಲ್ಲಿ ನಿಂತ ಸಾಹೇಬರು, ಬಿಸಿಲಿಲ್ಲದಿದ್ದರೂ, ಕಿವಿ ಮುಚ್ಚುವಷ್ಟು ಟೋಪಿ ಎಳೆದುಕೊಂಡಿದ್ದಾರೆ.